ಹನ್ನೊಂದು ಅಂಗುಲ

ಮೊದಲು ಕಟ್ಟಿದ್ದು ಅರಮನೆಯನ್ನೇ.
ಹಳದಿ ಹೆಂಚು, ಎರಡು ಮಜಲಿನ ಮಾಡು,
ಏಣಿನ ಮೇಲೆ ಸಾಲಾಗಿ ಕುಕ್ಕರುಗಾಲಲ್ಲಿ ಒಂಬತ್ತು ಮೃಗ,
ಮುಗಿಲಿಗೆ ಕೊಕ್ಕೆ ಹಾಕುವ ಸೂರಿನ ತುದಿ.
ಬೆಂಡಿಗೋ ಲೈಬ್ರರಿಯ ಹಿಂಗೋಣೆ,
ಹೊರಗೆ ನಲವತ್ತೆರಡು ಡಿಗ್ರಿ, ಒಳಗೆ ನಾನು,
ಮೌಸಿನಿಂದ ಮರ ಕೆತ್ತುವ ಬಡಗಿ,
ಬೆರಳಿಗೊಂದು ಸಿಬರೂ ಚುಚ್ಚದ ಬಡಗಿ.

ಕಂಬದ ತಲೆಯ ಮೇಲೆ ಚೌಕ, ಚೌಕದ ಮೇಲೆ ತೋಳು,
ತೋಳಿನ ಮೇಲೆ ಮತ್ತೆ ಚೌಕ, ಅಡ್ಡತೋಳು,
ಒಂದು ಮೊಳೆಯಿಲ್ಲ, ಒಂದರ ಬಾಯಲ್ಲೊಂದು ಕಚ್ಚಿ
ಸೂರಿನ ಭಾರವನ್ನು ಕೈಯಿಂದ ಕೈಗೆ ದಾಟಿಸುತ್ತ
ಇಳಿಸುತ್ತವೆ ಕಂಬಕ್ಕೆ.
ಚೀನೀ ಹೆಸರು ನನ್ನ ನಾಲಿಗೆಯಲ್ಲಿ ಹೊರಳಲಿಲ್ಲ;
ಬೋದಿಗೆ ಎಂದೇ ಫೈಲಿಗೆ ಹೆಸರಿಟ್ಟೆ:
ಬೋದಿಗೆ ಒಂದು, ಬೋದಿಗೆ ಎರಡು,
ಬೋದಿಗೆ ನೂರಾ ನಾಲ್ಕು.

ಒಂದು ಸಂಜೆ ಕೈತಪ್ಪಿ ಅಷ್ಟೂ ಅಳಿಸಿಹೋದವು.
ಮಾಡು ಅಲ್ಲೇ ಇತ್ತು.
ಕಂಬಗಳಿಗಿಂತ ಎರಡಡಿ ಮೇಲೆ, ಗಾಳಿಯಲ್ಲಿ,
ಬೀಳುವುದೆಂದರೇನೆಂದೇ ಗೊತ್ತಿಲ್ಲದ ಹಾಗೆ.
ನಗು ಬಂತು. ಮರಳಿ ತಂದು ಕೂರಿಸಿದೆ.
ಆ ರಾತ್ರಿ ಯಾಕೋ ಊಟ ಸೇರಲಿಲ್ಲ.

ಗುರುವಾರ ಈನಿಡ್ ಲಿಮ್ ಫೂನ್ ಬಂದರು.
ಎಂಬತ್ತೊಂಬತ್ತು. ವಾಕರಿನ ಬುಟ್ಟಿಯಲ್ಲಿ ನಿಂಬೆಹಣ್ಣು.
ಅಪ್ಪಟ ಇಲ್ಲಿಯ ಮಾತು, ಚೀನಾ ಕಂಡವರೇ ಅಲ್ಲ.
ಪರದೆಗೆ ಮೂಗು ತಾಗಿಸಿ ನೋಡಿ
"ಚೆಂದ ಇದೆಯಪ್ಪಾ, ಯಾರ ಮನೆ?" ಎಂದರು.

ನಿಮ್ಮಜ್ಜ ಕಟ್ಟಿದ ಗುಡಿ, ಎಂದೆ. ಪಾಮರ್ಸ್ ಗಲ್ಲಿಯದು.
(ನಮ್ಮ ಗಲ್ಲಿಯಲ್ಲ; ಇಲ್ಲಿ ಗಲ್ಲಿಯೆಂದರೆ ಕೊರಕಲು,
ಚಿನ್ನಕ್ಕೆಂದು ಬಗೆದು ಹಾಗೇ ಬಿಟ್ಟುಹೋದ ನೆಲ.)
ಕಾಳ್ಗಿಚ್ಚಿನಲ್ಲಿ ಗುಡಿ ಹೋಗಿ ಉಳಿದದ್ದು ಒಂದೇ ಫೋಟೋ,
ಎದುರಿನಿಂದ ತೆಗೆದದ್ದು, ಅದರಲ್ಲೂ ಅರ್ಧ
ತರಕಾರಿ ಗಾಡಿಯ ಮರೆ.

ಅವರು ನಕ್ಕ ಭರಕ್ಕೆ ಒಂದು ನಿಂಬೆಹಣ್ಣು ಉರುಳಿತು.
ಹೆಂಚೆಲ್ಲಿ ಬಂತು? ತಗಡು ಕಣಯ್ಯ, ಸುಕ್ಕುತಗಡು.
ಅಜ್ಜ ಬಡಗಿಯಲ್ಲ, ಎಲೆಕೋಸು ಬೆಳೆದವನು.
ತಗಡಿನ ತುದಿ ತೊಡೆಯ ಮೇಲಿಟ್ಟು ಬಗ್ಗಿಸಿದನಂತೆ.
ಎಡಗಡೆಯದು ಸರಿ ಬಂತು.
ಬಲಗಡೆಗೆ ಬರುವಷ್ಟರಲ್ಲಿ ಬೇಸರ ಬಂದಿರಬೇಕು.
ಫೋಟೋ ದೊಡ್ಡದು ಮಾಡಿದೆ. ಹೌದು,
ಒಂದು ಕಿವಿ ಜೋತ ದನದ ಹಾಗೆ ನಿಂತಿದೆ ಗುಡಿ.

ಹೆಂಚು ಕಿತ್ತೆ. ಬಂಗಾರ ಕಿತ್ತೆ. ಮೃಗಗಳನ್ನು ಬೆನ್ನು ತಟ್ಟಿ ಕಳಿಸಿದೆ.
ಬೋದಿಗೆಗೆ ಕೈ ಹಾಕಿದಾಗ ಈನಿಡ್ ತಡೆದರು:
ಬಾಗಿಲ ಮೇಲಿನ ಎರಡು ಇರಲಿ. ಎರಡೇ ಕೆತ್ತಿದ್ದ,
ರೆಡ್‌ಗಮ್ ಮರದಲ್ಲಿ, ಮೂರು ಚಳಿಗಾಲ.
ಏನನ್ನೂ ಹೊರುತ್ತಿರಲಿಲ್ಲ ಅವು. ಸುಮ್ಮನೆ, ಇರಲಿ ಎಂದು.
ನಿಮ್ಮ ಮಾತಲ್ಲಿ ಏನಂತೀರಿ ಅದಕ್ಕೆ?
ಬೋದಿಗೆ, ಎಂದೆ.
ಬೋಡಿಗಾ, ಎಂದರು. ಇನ್ನೊಮ್ಮೆ ಎಂದರು.

ಹಿಂಗೋಡೆ ಹೇಗಿತ್ತು?
ಗೊತ್ತಿಲ್ಲ. ಮಕ್ಕಳನ್ನು ಅಲ್ಲಿಗೆ ಬಿಡುತ್ತಿರಲಿಲ್ಲ.
ಅದನ್ನು ಹಾಗೇ ಬೂದುಬಣ್ಣಕ್ಕೆ ಬಿಟ್ಟಿದ್ದೇನೆ.

ಹೊರಡುವಾಗ, ವಾಕರ್ ತಿರುಗಿಸುತ್ತ:
ಹೊಸ್ತಿಲು ಮರೀಬೇಡ. ನನ್ನ ಮೊಣಕಾಲಿನ ಸಮ ಇತ್ತು,
ಆರು ವರ್ಷದ ಮೊಣಕಾಲು.
ತುಳಿದರೆ ಅಜ್ಜಿಯ ಸೌಟು ಬೀಳುತ್ತಿತ್ತು.
ಅದನ್ನು ನನಗೆ ಹೇಳಿಕೊಡಬೇಕೆ,
ನಾನೂ ಅದೇ ತಪ್ಪಿಗೆ ಏಟು ತಿಂದವನು.

ಹನ್ನೊಂದು ಅಂಗುಲ, ಅಂದಾಜು.
ಆದರೆ ಈ ಗುಡಿಗೆ ಬರುವವರಿಗೆ ಕಾಲಿಲ್ಲ,
ಬರಿ ಕಣ್ಣು; ಗೋಡೆ ಎದುರಾದರೂ ಹಾದುಹೋಗುವ ಕಣ್ಣು.
ದೀಪ ಆರಿಸುವ ಹೊತ್ತಿಗೆ ಕೂತು
ಒಂದೇ ಒಂದು ಕಟ್ಟಳೆ ಬರೆದೆ:
ಬಾಗಿಲ ಬಳಿ ಬಂದ ಕಣ್ಣು ತುಸು ಮೇಲೇಳಬೇಕು,
ಗಳಿಗೆ ತಡೆದು
ಆಚೆಗಿಳಿಯಬೇಕು.

ಮೊದಲು ನಾನೇ ಹೋಗಿ ನೋಡಿದೆ.
ಎದ್ದಿತು. ಇಳಿಯಿತು.
ಮೇಜಿನ ಕೆಳಗೆ ನನ್ನ ಬಲಗಾಲು
ಚಪ್ಪಲಿ ಬಿಟ್ಟಿತ್ತು.